ಟಾಂಟಿ ಕರ್ಲೀನ್ ತಡವನ್ನು ಹಿಡಿದ ಬೆಳಗು

ತಗಡಿನ ಚಾವಣಿಯ ಮೇಲೆ ಹುಂಜವೊಂದು ಟಕಟಕ ಓಡಾಡುತ್ತಿದೆ. ಲಾವೆಂಟಿಲ್ ಗುಡ್ಡದ ಬುಡದಲ್ಲಿ ಪೋರ್ಟ್ ಆಫ್ ಸ್ಪೇನ್ ಬಂದರಿನ ದೀಪಗಳು ಇನ್ನೂ ಆರಿಲ್ಲ. ಪ್ಯಾನ್ ಎಂಬ ಉಕ್ಕಿನ ವಾದ್ಯದ ತಾಲೀಮು ನಡೆಯುವ ಅಂಗಳ, ಪ್ಯಾನ್‌ಯಾರ್ಡಿನ ಬೀಗ ತೆಗೆದ ಕರ್ಲೀನ್ ನೊರೀಗಾ ನೇರವಾಗಿ ಟೆನರ್ ಪ್ಯಾನುಗಳ ಸಾಲಿಗೆ ಹೋಗಿ, ಒಂದರ ಹೊಟ್ಟೆಗೆ ಅಂಗೈ ಇಡುತ್ತಾರೆ, ಕಾವಲಿಯ ಕಾವು ನೋಡುವ ಹಾಗೆ. ತಣ್ಣಗಿದೆ. ಬಿಸಿಲೇರಿತೆಂದರೆ ಎಣ್ಣೆ ಡ್ರಮ್ಮಿನ ಈ ಉಕ್ಕು ಹಿಗ್ಗುತ್ತದೆ, ಸ್ವರ ಜಾರುತ್ತದೆ. ಧ್ವನಿಮುದ್ರಣ ಏನಿದ್ದರೂ ಈ ಹೊತ್ತಿನಲ್ಲೇ ಆಗಬೇಕು.

ಮೂಲೆಯ ಮೇಜಿನ ಮೇಲೆ ಕಂಪ್ಯೂಟರ್ ಕೂತಿದೆ. ಯಾವುದೋ ಕಾರ್ನಿವಲ್‌ನಲ್ಲಿ ಯಾರೋ ರಾಜನಾಗಿ ಮೆರೆದ ಜರಿಯ ಮೇಲಂಗಿ ಈಗ ಅದರ ಹೊದಿಕೆ. ಅದನ್ನು ಸರಿಸಿ, ರೆಕಾರ್ಡಿಂಗ್ ತಂತ್ರಾಂಶ ತೆರೆದು, ಕೆಂಪು ಗುಂಡಿಯ ಕಡೆ ಕಣ್ಣೂ ಹಾಯಿಸದೆ ಕರ್ಲೀನ್ ಸೆಟ್ಟಿಂಗ್‌ಗಳ ಪುಟಕ್ಕೆ ಹೋಗುತ್ತಾರೆ. ದಿನವೂ ಇದೇ ಮೊದಲ ಕೆಲಸ. ಏಕೆಂದರೆ ಕಂಪ್ಯೂಟರ್ ಇಡೀ ಗುಡ್ಡದ್ದು. ಮಕ್ಕಳ ಹೋಂವರ್ಕು, ಚರ್ಚಿನ ಗಾಯನ, ಯಾರದೋ ಮದುವೆಯ ಹಾಡುಗಳು, ಎಲ್ಲಕ್ಕೂ ಇದೊಂದೇ. ಬಂದವರು ಬಂದ ಹಾಗೆ ತಿರುಚಿ ಹೋಗುತ್ತಾರೆ.

"ಅಯ್ಯೋ, ಪಾಸ್ಟರ್ ಬಂದು ಹೋಗಿದಾರೆ," ಎಂದು ಅವರು ಪರದೆಗೆ ಬೆರಳು ತೋರಿಸಿ ಗೊಣಗುತ್ತಾರೆ. "ಇಷ್ಟು ಒಳ್ಳೇ ಮೈಕ್ ಇಲ್ಲಿ ನಿಲ್ಲಿಸಿದೀನಿ. ಅವರು ಕಂಪ್ಯೂಟರ್ ಒಳಗಿನ ಕಿವುಡು ಮೈಕ್ ಆರಿಸ್ಕೊಂಡು ದೇವರ ಹಾಡು ಹೇಳಿದಾರೆ. ಪಾಪ, ದೇವರಿಗೆ ಏನು ಕೇಳಿಸ್ತೋ!"

ಮೈಕ್ ಬದಲಾಗುತ್ತದೆ. ಹೊಸ ದನಿ ಹಳೆಯದರ ಕೆಳಗೆ ಬೇರೆ ಸಾಲಿನಲ್ಲಿ ಕೂರಬೇಕು, ಅದಕ್ಕೊಂದು ಗುರುತು. ಕಡತ ಹೋಗಿ ಸೇರುವ ಜಾಗ ಸರಿಯಾಗುತ್ತದೆ. 'ಸದ್ದು ಬಂದಾಗ ಮಾತ್ರ ಮುದ್ರಿಸು' ಎಂಬ ಸಾಲಿನ ಮುಂದೆ ಯಾರೋ ಹಾಕಿರುವ ಗುರುತನ್ನು ಅವರು ಸಿಟ್ಟಿನಿಂದ ಅಳಿಸುತ್ತಾರೆ. "ಪ್ಯಾನ್ ನಿಲ್ಲೋ ಜಾಗಾನೂ ಪಾಠಾನೇ. ಅದನ್ನ ಈ ಯಂತ್ರ ತಿಂದುಬಿಟ್ರೆ ನನ್ನ ಮಕ್ಕಳು ಉಸಿರು ಎಲ್ಲಿ ತಗೋಬೇಕು?"

'ನನ್ನ ಮಕ್ಕಳು' ಅಂದರೆ ಕ್ವಾರಿ ಟೋನ್ಸ್ ತಂಡದ ಫೋನ್ ವಾದಕರು. ಮಾಲ್ ಕಾಯುವವರು, ಆಸ್ಪತ್ರೆಯ ಆಯಾಗಳು, ಬಂದರಿನಲ್ಲಿ ಸರಕು ಇಳಿಸುವವರು, ಹೋಟೆಲ್ ಹಾಸಿಗೆ ಬದಲಿಸುವವರು. ಸಂಜೆಯ ತಾಲೀಮಿನ ಹೊತ್ತಿಗೆ ಇವರ ಶಿಫ್ಟ್ ಶುರುವಾಗುತ್ತದೆ. ಯಾರ್ಡಿಗೆ ಬಂದು ಕಲಿಯುವ ಭಾಗ್ಯ ವಾರಕ್ಕೊಮ್ಮೆ ಸಿಕ್ಕರೆ ಹೆಚ್ಚು. ಇಲ್ಲಿ ಯಾರೂ ಸ್ವರ ಬರೆದುಕೊಂಡು ನುಡಿಸುವುದಿಲ್ಲ; ಕಿವಿಯಿಂದ ಕೈಗೆ ಇಳಿದದ್ದೇ ಪಾಠ. ಹಾಗಾಗಿ ಹಾಡಿನ ಒಂದೊಂದು ತುಣುಕನ್ನೂ, ಎತ್ತರದ ಟೆನರ್ ಬೇರೆ, ನಡುವಿನ ಸೆಕೆಂಡ್ ಬೇರೆ, ಮಂದ್ರದ ಬೇಸ್ ಬೇರೆಯಾಗಿ ಮುದ್ರಿಸಿ, ಕಬ್ಬಿಣದ ಲಯದ ಮೇಲೆ ಕೂರಿಸಿ, ಇವರ ಫೋನಿಗೆ ಕಳಿಸುವುದು, ಇವರೆಲ್ಲ ಟಾಂಟಿ, ಅಂದರೆ ಚಿಕ್ಕಮ್ಮ ಎಂದು ಕರೆಯುವ ಕರ್ಲೀನ್ ಕಾಯಕ. ಬಸ್ಸಿನಲ್ಲಿ ಕಲಿ, ಊಟದ ಬಿಡುವಿನಲ್ಲಿ ಕಲಿ, ಗೇಟಿನ ಮುಂದೆ ನಿಂತು ಕಲಿ.

ಬರುವ ಗುರುವಾರ ಪ್ಯಾನ್ ತಂಡಗಳ ಪನೋರಮಾ ಸ್ಪರ್ಧೆಯ ಮೊದಲ ಸುತ್ತಿನ ತೀರ್ಪುಗಾರರು ಯಾರ್ಡಿಗೇ ಬರುತ್ತಾರೆ. ಆದರೆ ಫೋನ್ ವಾದಕರು ಅಂದು ಪ್ಯಾನಿನ ಮುಂದೆ ನಿಲ್ಲುವುದೇ ಅನುಮಾನ. ನಿನ್ನೆ ಸಂಜೆ, ಅಪರೂಪಕ್ಕೆ ಬಿಡುವು ಹೊಂದಿಸಿಕೊಂಡು ಬಂದಿದ್ದ ಅವರೆಲ್ಲರ ಮುಂದೆ ಕ್ಯಾಪ್ಟನ್ ಆನ್ಸಿಲ್ ಗಿಟನ್ಸ್ ಹಾಡನ್ನು ಮೂರು ಸಲ ನಿಲ್ಲಿಸಿದ. ನಾಲ್ಕನೆಯ ಸಲ ಟೋಪಿ ನೆಲಕ್ಕೆ ಬಡಿದ.

"ಒಂದು ಯಾರ್ಡಲ್ಲಿ ಎರಡು ಬ್ಯಾಂಡಾ? ದಿನಾ ಬರೋರು ಮುಂದೆ ಹೋಗ್ತಿದಾರೆ, ಫೋನ್‌ನವರು ಹಿಂದಿಂದ ಚಪ್ಪಲಿ ಎಳ್ಕೊಂಡು ಬರ್ತಿದೀರಾ. ಪ್ಯಾನ್ ಬಾರಿಸ್ತಿದೀರೋ, ಹೆಣದ ಮೆರವಣಿಗೆಗೆ ಹೊರಟಿದೀರೋ?"

ಮಾಲಿನ ಕಾವಲುಗಾರ್ತಿ, ಟೆನರ್ ನುಡಿಸುವ ಒಡೆಸ್ಸಾ ಫ್ರಾನ್ಸ್ವಾ ಸಮವಸ್ತ್ರದಲ್ಲೇ ನಿಂತಿದ್ದಳು. "ಕ್ಯಾಪ್ಟನ್, ಟಾಂಟಿ ಕಳಿಸಿದ್ದನ್ನ ಒಂದು ಕೂದಲಷ್ಟೂ ಬಿಡದೆ ಕಲ್ತಿದೀನಿ."

"ಕಲ್ತಿದ್ರೆ ತಡ ಯಾಕೆ?"

"ನಾನು ತಡ ಮಾಡ್ತಿಲ್ಲ!"

"ತಡ ಮಾಡೋರು ಯಾರೂ ತಡ ಮಾಡ್ತಿದೀನಿ ಅನ್ನಲ್ಲ ಕಣಮ್ಮ."

ಮಂಗಳವಾರ ಸಂಜೆ ಕೊನೆಯ ಪರೀಕ್ಷೆ ಎಂದು ಅವನು ಹೇಳಿಬಿಟ್ಟ. ಅಂದೂ ಹೀಗೇ ಎಳೆದರೆ ಅವರ ಜಾಗಕ್ಕೆ ಪಟ್ಟಣದಿಂದ ಬಾಡಿಗೆ ವಾದಕರು. ತಂಡದ ಕೆಂಪು ಜೆರ್ಸಿಗಳ ಗಂಟನ್ನು ಬಿಚ್ಚದೆ ಬೀರುವಿಗೆ ತಳ್ಳಿದ.

ಈ ನಗರ ಕಣ್ಣು ಬಿಡುವಷ್ಟರಲ್ಲಿ ಅದನ್ನು ಗುಡಿಸಿ, ಕಾದು, ಅದರ ಹಾಸಿಗೆ ಒಗೆದು, ಅದರ ರೋಗಿಗಳ ಮೈ ಒರೆಸಿ ಮುಗಿಸಿರುವವರು ಇವರು. ಶಿಫ್ಟಿನ ಪಟ್ಟಿ ಬರೆದವರು ಇವರಲ್ಲ, ಬಸ್ಸಿನ ಹೊತ್ತು ಗೊತ್ತು ಮಾಡಿದವರು ಇವರಲ್ಲ. ಆದರೂ ಸೋಮಾರಿ ಎಂಬ ಬಿರುದು ಮಾತ್ರ ಇವರ ಹೆಗಲಿಗೇ! ಎಸೆದ ಎಣ್ಣೆ ಡ್ರಮ್ಮಿನಿಂದ ಈ ವಾದ್ಯವನ್ನು ಹುಟ್ಟಿಸಿದವರು ಇಂಥವರೇ. ಪೊಲೀಸರು ಅದನ್ನು ಕಿತ್ತುಕೊಂಡು ಲಾಠಿ ಬೀಸಿದಾಗ ಬೆನ್ನು ಕೊಟ್ಟವರೂ ಇಂಥವರೇ. ಈಗ ಅದಕ್ಕೆ ದೇಶದ ವಾದ್ಯವೆಂಬ ಪಟ್ಟ ಸಿಕ್ಕಿದೆ, ವೇದಿಕೆ ಸಿಕ್ಕಿದೆ, ಪ್ರಾಯೋಜಕರು ಸಿಕ್ಕಿದ್ದಾರೆ. ಹುಟ್ಟಿಸಿದವರ ಮೊಮ್ಮಕ್ಕಳಿಗೆ ಮಾತ್ರ, ಹೊತ್ತಿಗೆ ಬಂದರೆ ಬಾ, ಇಲ್ಲದಿದ್ದರೆ ನಡಿ.

ಈ 'ನಡಿ' ಎಂಬ ಮಾತನ್ನು ಕರ್ಲೀನ್ ತಮ್ಮ ಕಿವಿಯಲ್ಲೇ ಕೇಳಿದವರು. ಹರೆಯದಲ್ಲಿ ಅವರು ಇದೇ ತಂಡದ ಸೆಕೆಂಡ್ ಪ್ಯಾನ್ ವಾದಕಿ. ಹಗಲೆಲ್ಲ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಅಲ್ಲಿಯ ಯಂತ್ರಗಳು ಅವರ ಬಲಗಿವಿಯ ಮೇಲ್‌ಸ್ವರಗಳನ್ನು ನುಂಗಿಹಾಕಿದವು. ಆಮೇಲೆ ಶಿಫ್ಟ್ ಸಂಜೆಗೆ ತಿರುಗಿತು, ತಾಲೀಮು ತಪ್ಪಿತು, ಅಂದಿನ ಕ್ಯಾಪ್ಟನ್ ಅವರ ಪ್ಯಾನನ್ನು ಇನ್ನೊಬ್ಬಳ ಮುಂದೆ ಎಳೆದಿಟ್ಟ.

"ಅತ್ತಿದ್ದು ನೆನಪಿಲ್ಲ," ಎಂದು ಕೇಳಿದವರಿಗೆ ಹೇಳುತ್ತಾರೆ. "ಕಾರ್ನಿವಲ್ ದಿನ ಕಿಟಕಿಯಿಂದ ನೋಡ್ತಿದ್ದೆ. ನಮ್ಮ ಬ್ಯಾಂಡ್ ರಸ್ತೇಲಿ ಹೋಗ್ತಿತ್ತು. ಕೈ ಸುಮ್ನಿರ್ಲಿಲ್ಲ, ಕಿಟಕಿ ಸರಳಿನ ಮೇಲೇ ಬಾರಿಸ್ತು. ಮುಂದಿನ ವರ್ಷ ಅಕ್ಕನ ಟೇಪ್ ರೆಕಾರ್ಡರ್ ಕಿತ್ಕೊಂಡು ಬಂದು ಯಾರ್ಡಲ್ಲಿಟ್ಟೆ. ಬರೋಕಾಗದೇ ಇರೋರಿಗೆ ಹಾಡೇ ಹೋಗ್ಲಿ ಅಂತ."

ಕ್ಯಾಸೆಟ್ಟು ಹೋಗಿ ಕಂಪ್ಯೂಟರ್ ಬಂತು. ಕರ್ಲೀನ್ ಮಾತ್ರ ಕುರ್ಚಿ ಬಿಡಲಿಲ್ಲ. ಗೆದ್ದ ತಂಡಗಳ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ: ಸಂಯೋಜಕ, ಕ್ಯಾಪ್ಟನ್, ಟ್ರೋಫಿ, ಪ್ರಾಯೋಜಕರ ಬ್ಯಾನರು. ಸೆಟ್ಟಿಂಗ್ ಪುಟದ ಮುಂದೆ ಕೂತವರ ಚಿತ್ರ ತೆಗೆಯಲು ಯಾವ ಛಾಯಾಗ್ರಾಹಕನೂ ಈ ಗುಡ್ಡ ಹತ್ತಿದ್ದಿಲ್ಲ.

"ಟಾಂಟೀ! ಖಾರ ಎಷ್ಟು?" ಗೇಟಿನಿಂದಲೇ ಕೂಗು. ಬಿಸ್ಸೂ ಬಂದ. ಪೂರ್ತಿ ಹೆಸರು ಬಿಸೂನ್ ರಾಮ್‌ಲಗನ್. ಬೆಳಗಿನ ಹೊತ್ತು ಬೀದಿ ತುದಿಯಲ್ಲಿ ಡಬಲ್ಸ್ ಮಾರುತ್ತಾನೆ, ಮೆತ್ತನೆಯ ಬಾರಾ ರೊಟ್ಟಿ ಎರಡರ ನಡುವೆ ಬಿಸಿ ಕಡಲೆ. ಸಂಜೆ ತಂಡದ ಕಬ್ಬಿಣ ಅವನ ಕೈಯಲ್ಲಿ. ಕಬ್ಬಿಣ ಅಂದರೆ ಲಾರಿಯ ಹಳೆಯ ಬ್ರೇಕ್ ಡ್ರಮ್. ಅದರ ಠಣ್ ಠಣ್ ಇಲ್ಲದೆ ಇಡೀ ತಂಡಕ್ಕೆ ಕಾಲೇ ಇಲ್ಲ.

"ನಿನ್ನೆ ಆನ್ಸಿಲ್ ಬೈಗುಳಕ್ಕೆ ಹಾಕಿದ್ನಲ್ಲ, ಅಷ್ಟು ಸಾಕು."

"ಅಷ್ಟು ಖಾರ ಆದ್ರೆ ಯಾರೂ ತಿನ್ನೋಕಾಗಲ್ಲ." ಅವನು ಪೊಟ್ಟಣ ಮೇಜಿನ ಮೇಲಿಟ್ಟು ದನಿ ತಗ್ಗಿಸುತ್ತಾನೆ. "ಟಾಂಟಿ, ಒಂದು ಮಾತು. ಒಡೆಸ್ಸಾ ಸುಮ್ಮನೆ ತಡ ಮಾಡೋಳಲ್ಲ. ಸೋಮಾರಿ ಆದ್ರೆ ಒಂದ್ಸಲ ಹೆಚ್ಚು, ಒಂದ್ಸಲ ಕಮ್ಮಿ ಆಗ್ಬೇಕು. ಇವರೆಲ್ಲ ಒಂದೇ ಅಳತೆ ತಡ. ಮಾತಾಡಿಕೊಂಡ ಹಾಗೆ."

ಕರ್ಲೀನ್ ಬಾಯಿಗೆ ಹೋಗುತ್ತಿದ್ದ ಡಬಲ್ಸ್ ಅಲ್ಲೇ ನಿಲ್ಲುತ್ತದೆ.

"ಏನಂದೆ?"

"ಮಾತಾಡಿಕೊಂಡ ಹಾಗೆ ಅಂದೆ. ಯಾಕೆ, ಬೈತೀಯಾ?"

"ಕಬ್ಬಿಣ ತಗೋ."

"ತಿಂದು..."

"ತಗೋ ಅಂದ್ನಲ್ಲ!"

ಬಿಸ್ಸೂ ಕಬ್ಬಿಣ ಎತ್ತಿಕೊಳ್ಳುತ್ತಾನೆ. ಕರ್ಲೀನ್ ಅವನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ವಾರಗಳ ಹಿಂದೆ ಅವನೇ ನುಡಿಸಿದ್ದ ಲಯವನ್ನು ಹಾಕುತ್ತಾರೆ. "ನಿನ್ನ ಜೊತೆ ನೀನೇ ಬಾರಿಸು. ಏಟಿನ ಮೇಲೆ ಏಟು ಬೀಳ್ಬೇಕು." ಅವನು ಕಣ್ಣು ಮುಚ್ಚಿ ನುಡಿಸುತ್ತಾನೆ. ಚಾವಣಿಯ ಹುಂಜ ಹಾರಿಹೋಗುತ್ತದೆ. ಮುಗಿದ ಮೇಲೆ ಪರದೆಯಲ್ಲಿ ಎರಡು ಸಾಲು, ಮೇಲೆ ಹಳೆಯ ಏಟುಗಳು, ಕೆಳಗೆ ಹೊಸವು. ಕರ್ಲೀನ್ ಹಿಗ್ಗಿಸುತ್ತಾ ಹೋಗುತ್ತಾರೆ. ಕೆಳಗಿನ ಪ್ರತಿ ಏಟೂ ಮೇಲಿನದಕ್ಕಿಂತ ಒಂದಿಷ್ಟು ಬಲಕ್ಕೆ, ಅಂದರೆ ತಡವಾಗಿ ನಿಂತಿದೆ. ಎಲ್ಲವೂ ಒಂದೇ ಅಳತೆ.

ಬಿಸ್ಸೂ ಮುಖ ಕೆಂಪಾಗುತ್ತದೆ. "ನಾನು? ನಾನು ನನಗಿಂತ ಹಿಂದೆ ಬಿದ್ನಾ? ಟಾಂಟಿ, ನನ್ನಪ್ಪನಾಣೆ, ಈ ಕೈ..."

"ನಿನ್ನ ಕೈ ಬೇಡ. ಕಬ್ಬಿಣ ಕೆಳಗಿಡು."

ಈಗ ಅವರು ಮಾಡುವುದನ್ನು ಬಿಸ್ಸೂ ಬೆರಗಿನಿಂದ ನೋಡುತ್ತಾನೆ. ಹೆಡ್‌ಫೋನನ್ನು ಅವನ ತಲೆಯಿಂದ ಕಿತ್ತು, ಅದರ ಬಟ್ಟಲನ್ನು ನೇರ ಮೈಕಿನ ಬಾಯಿಗೆ ಒತ್ತಿ ಹಿಡಿದು, ಮತ್ತೆ ಅದೇ ಲಯ ಹಾಕುತ್ತಾರೆ. ಈ ಸಲ ಮನುಷ್ಯರ ಕೈಯೇ ಇಲ್ಲ. ಕಂಪ್ಯೂಟರ್ ತಾನೇ ನುಡಿಸಿ ತಾನೇ ಕೇಳಿಸಿಕೊಳ್ಳುತ್ತಿದೆ. ಏಟಿನ ಮೇಲೆ ಏಟು ಕೂರಲೇಬೇಕು. ಕೂರುವುದಿಲ್ಲ! ಅದೇ ತಡ, ಅಷ್ಟೇ ತಡ.

"ಸಿಕ್ಕಿಬಿದ್ದ!" ಕರ್ಲೀನ್ ಕುರ್ಚಿಯಿಂದ ಎದ್ದುಬಿಡುತ್ತಾರೆ. "ಬಿಸ್ಸೂ, ಸಿಕ್ಕಿಬಿದ್ದ ಕಣೋ ಕಳ್ಳ! ನನ್ನ ಮಕ್ಕಳಲ್ಲ ಸೋಮಾರಿಗಳು, ಈ ಡಬ್ಬಿ!"

ಮೈಕಿನ ಸದ್ದು ಕಂಪ್ಯೂಟರಿಗೆ ಹೋಗುವುದು ಅಂಗೈಯಗಲದ ಒಂದು ಡಬ್ಬಿಯ ಮೂಲಕ. ಹೋಗಿ ಬರಲು ಅದಕ್ಕೊಂದು ಚೂರು ಹೊತ್ತು ಹಿಡಿಯುತ್ತದೆ. ಹಾಗಾಗಿ, ಹಿಂದಿನ ಸಾಲನ್ನು ಕೇಳುತ್ತಾ ಹೊಸದನ್ನು ಮುದ್ರಿಸಿದಾಗ ಹೊಸದು ತಡವಾಗಿ ಬಂದು ಕೂರುತ್ತದೆ. ಆ ತಡವನ್ನು ಹಿಂದಕ್ಕೆ ಜರುಗಿಸಿ ಸರಿದೂಗಿಸಲು ಸೆಟ್ಟಿಂಗ್ ಪುಟದಲ್ಲಿ ಒಂದು ಖಾನೆಯಿದೆ, ಖಾನೆಯಲ್ಲಿ ಒಂದು ಸಂಖ್ಯೆ. ಹಳೆಯ ಡಬ್ಬಿ ಮಳೆಗಾಲದಲ್ಲಿ ಚಾವಣಿ ಸೋರಿ ಸತ್ತಿತ್ತು. ಬ್ರೂಕ್ಲಿನ್‌ನಿಂದ ರಜೆಗೆ ಬಂದ ಹಳೆಯ ವಾದಕನೊಬ್ಬ ಹೊಸದು ತಂದುಕೊಟ್ಟ. ಡಬ್ಬಿ ಬದಲಾಯಿತು, ಸಂಖ್ಯೆ ಬದಲಾಗಲಿಲ್ಲ.

ಮರೆವಲ್ಲ ಅದು. ಕರ್ಲೀನ್ ಬೇಕೆಂದೇ ಬದಲಿಸಲಿಲ್ಲ. ತಂಡ ಸೆಮಿಫೈನಲ್ ತಲುಪಿದ ವರ್ಷ ಆ ಖಾನೆಯಲ್ಲಿದ್ದದ್ದು ಅದೇ ಸಂಖ್ಯೆ. ಅದೃಷ್ಟ ತಂದ ಆ ವರ್ಷದ ಯಾವುದನ್ನೂ ಈ ಯಾರ್ಡಿನಲ್ಲಿ ಯಾರೂ ಮುಟ್ಟುವುದಿಲ್ಲ. ಆನ್ಸಿಲ್ ಅದೇ ಹರಕು ಟೋಪಿ ಹಾಕುತ್ತಾನೆ, ಬಿಸ್ಸೂ ಅದೇ ಸವೆದ ಚಪ್ಪಲಿಯಲ್ಲಿ ಕಬ್ಬಿಣದ ಮುಂದೆ ನಿಲ್ಲುತ್ತಾನೆ, ಒಡೆಸ್ಸಾ ಕೋಲಿನ ತುದಿಯ ರಬ್ಬರ್ ಹರಿದರೂ ಸುತ್ತಿ ಸುತ್ತಿ ಅದನ್ನೇ ಕಟ್ಟುತ್ತಾಳೆ. ಟಾಂಟಿಯ ಪಾಲಿನ ಹರಕು ಟೋಪಿ ಆ ಸಂಖ್ಯೆ. ಹೊಸ ಡಬ್ಬಿಯ ಮೇಲೆ ಶಿಲುಬೆಯ ಗುರುತು ಮಾಡಿ, ಅದೇ ಸಂಖ್ಯೆಯನ್ನು ಭಕ್ತಿಯಿಂದ ಒತ್ತಿದ್ದರು. ಕಿವಿಯಿಂದ ಕಲಿಯುವ ಜನ ಆ ಡಬ್ಬಿಯ ತಡವನ್ನೂ ರಾಗದ ಜೊತೆಗೇ, ಒಂದು ಕೂದಲಷ್ಟೂ ಬಿಡದೆ ಕಲಿತರು! ಕೆಲವರಿಗೆ ಅದು ಇಂಪಾಗಿಯೂ ಕೇಳಿಸಿತಂತೆ.

ಕರ್ಲೀನ್ ಖಾನೆಯ ಮುಂದೆ ಕೂತಿದ್ದಾರೆ. ಪರದೆಯ ಮೇಲೆ ಎರಡು ಏಟುಗಳ ನಡುವಿನ ಅಂತರ ಅಳೆದಾಗಿದೆ. ಬೆರಳು ಕೀಲಿಯ ಮೇಲಿದ್ದರೂ ಒತ್ತಲಾಗುತ್ತಿಲ್ಲ.

"ಏನಾಯ್ತು?"

"ಸೆಮಿಫೈನಲ್ ನಂಬರ್ ಕಣೋ ಇದು."

ಬಿಸ್ಸೂ ತನ್ನ ಚಪ್ಪಲಿ ನೋಡಿಕೊಳ್ಳುತ್ತಾನೆ. ಆಮೇಲೆ ಅವನು ಎರಡೂ ಚಪ್ಪಲಿ ಬಿಟ್ಟು, ಕಾಲಿನಿಂದ ಬಾಗಿಲಾಚೆ ತಳ್ಳಿ, ಬರಿಗಾಲಲ್ಲಿ ನಿಲ್ಲುತ್ತಾನೆ. "ನಂದೂ ಹೋಯ್ತು. ಒತ್ತು ಟಾಂಟಿ."

ಅವರು ಒತ್ತುತ್ತಾರೆ. ಹೆಡ್‌ಫೋನ್ ಮತ್ತೆ ಮೈಕಿನ ಬಾಯಿಗೆ. ಈ ಸಲ ಕೆಳಗಿನ ಏಟುಗಳು ಮೇಲಿನ ಏಟುಗಳ ನೇರ ಕೆಳಗೆ, ಕಂಬದ ಕೆಳಗೆ ಕಂಬದ ಹಾಗೆ, ಒಂದಾದ ಮೇಲೊಂದು ಸಾಲಾಗಿ ನಿಲ್ಲುತ್ತವೆ. ಯಾರ್ಡಿನಲ್ಲಿ ಒಬ್ಬ ಡಬಲ್ಸ್ ಮಾರುವವನೂ ಹಿಂದೊಮ್ಮೆ ಆಸ್ಪತ್ರೆಯ ಬಟ್ಟೆ ಒಗೆದವಳೂ ಕೈ ಹಿಡಿದು ಕುಣಿಯುತ್ತಾರೆ. ಕಡಲೆ ಆರಿ ತಣ್ಣಗಾಗಿದೆ.

ಈ ಸುದ್ದಿಯನ್ನು ಕರ್ಲೀನ್ ಮುಚ್ಚಿಡಬಹುದಿತ್ತು. ಹಳೆಯದನ್ನು ಅಳಿಸಿ ಹೊಸದನ್ನು ಕಳಿಸಿದ್ದರೆ ಕೇಳುವವರು ಯಾರು? ಅವರು ಹಾಗೆ ಮಾಡುವುದಿಲ್ಲ. ಸಂಜೆ ತಾಲೀಮಿಗೆ ಸೇರಿದ ತಂಡದ ಮುಂದೆ ಬೇಸ್ ಡ್ರಮ್ಮಿನ ಪಕ್ಕದ ಸ್ಟೂಲಿನ ಮೇಲೆ ಹತ್ತಿ ನಿಲ್ಲುತ್ತಾರೆ.

"ಫೋನ್‌ನವರು ತಡ ಮಾಡ್ಲಿಲ್ಲ. ನಾನು ತಡ ಕಳಿಸಿದೆ, ಅವರು ತಡಾನೇ ಕಲಿತ್ರು. ಬೈಬೇಕಾದ್ರೆ ನನ್ನ ಬೈಯಿ ಆನ್ಸಿಲ್, ಜೆರ್ಸಿ ಗಂಟು ಬಿಚ್ಚಿ ಅವರಿಗೆ ಕೊಡು."

ಆನ್ಸಿಲ್ ಟೋಪಿ ಹಿಂದಕ್ಕೆ ಸರಿಸುತ್ತಾನೆ. "ಹಾಗಾದ್ರೆ ಇಷ್ಟು ದಿನ ನಾನು ಬೈದಿದ್ದು ಡಬ್ಬಿಗಾ?"

"ಡಬ್ಬಿಗೆ ಸಾರಿ ಹೇಳು ಕ್ಯಾಪ್ಟನ್!" ಬೇಸ್ ಸಾಲಿನಿಂದ ಯಾರೋ ಕೂಗುತ್ತಾರೆ. "ಪಾಪ, ಅದಕ್ಕೂ ಮನಸ್ಸಿದೆ!" ಯಾರ್ಡು ನಗುತ್ತದೆ. ಆನ್ಸಿಲ್ ನಗುವುದಿಲ್ಲ.

"ಟಾಂಟಿ, ನಿನ್ನ ಮೇಲೆ ಕೋಪ ಇಲ್ಲ. ಆದ್ರೆ ಕೈ ಕಲಿತಿದ್ದನ್ನ ಕೈ ಮರೀಬೇಕಲ್ಲ? ಮಂಗಳವಾರ ಅಂದ್ರೆ ಮಂಗಳವಾರ. ಅವತ್ತು ಕಬ್ಬಿಣದ ಲಯಕ್ಕೆ ಸರಿಯಾಗಿ ಬಂದ್ರೆ ಜೆರ್ಸಿ. ಇಲ್ಲಾಂದ್ರೆ ಬಾಡಿಗೆಯವರಿಗೆ ಫೋನ್ ಮಾಡ್ತೀನಿ."

ಮರುದಿನ, ಭಾನುವಾರ, ಬೆಳಕು ಹರಿಯುವ ಮೊದಲೇ ಕರ್ಲೀನ್ ಎಲ್ಲವನ್ನೂ ಹೊಸದಾಗಿ ಮುದ್ರಿಸತೊಡಗುತ್ತಾರೆ. ಪ್ರತಿ ತುಣುಕಿನ ಮೊದಲಿಗೂ ಕಬ್ಬಿಣದ ಮೂರು ಏಟು, ಆ ಏಟುಗಳ ಮೇಲೇ ಪ್ಯಾನಿನ ಅಂಚಿಗೆ ಮೂರು ಏಟು. ಆರು ಕೇಳಿಸಿದರೆ ಏನೋ ತಪ್ಪಿದೆ, ಮೂರೇ ಕೇಳಿಸಿದರೆ ಸರಿಯಿದೆ. ಇನ್ನು ಮೇಲೆ ಡಬ್ಬಿಯನ್ನು ಯಾರೂ ಕುರುಡಾಗಿ ನಂಬಬೇಕಿಲ್ಲ, ಟಾಂಟಿಯನ್ನೂ ಕೂಡ. ಬಿಸಿಲೇರುವಷ್ಟರಲ್ಲಿ ಫೋನುಗಳು ಒಂದೊಂದಾಗಿ ಕಿಣಿಕಿಣಿ ಎನ್ನುತ್ತವೆ.

ಆಮೇಲೆ ನಗರವನ್ನು ನೋಡಬೇಕು! ಮಾಲಿನ ಗೇಟಿನಲ್ಲಿ ಒಡೆಸ್ಸಾಳ ಟಾರ್ಚು ಕಂಬಿಯ ಮೇಲೆ ಕುಟ್ಟುತ್ತಿದೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ಒಬ್ಬಳ ಬೆರಳು ಬಕೆಟ್ಟಿನ ಅಂಚಿನ ಮೇಲೆ. ಬಂದರಿನಲ್ಲಿ ಒಬ್ಬ ಖಾಲಿ ಪೀಪಾಯಿ ಹುಡುಕಿಕೊಂಡಿದ್ದಾನೆ. ಅಜ್ಜಂದಿರು ಶುರು ಮಾಡಿದ್ದೂ ಅಲ್ಲಿಂದಲೇ ತಾನೆ? ಮ್ಯಾಕ್ಸಿ ಟ್ಯಾಕ್ಸಿ ಎಂಬ ಬಾಡಿಗೆ ವ್ಯಾನಿನ ಹಿಂದಿನ ಸೀಟಿನಲ್ಲಿ ಇಬ್ಬರು ಆಯಾಗಳು ಒಂದೇ ಹೆಡ್‌ಫೋನಿನ ಎರಡು ತುದಿ ಹಂಚಿಕೊಂಡು ತೊಡೆ ತಟ್ಟುತ್ತಾರೆ. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಏನಮ್ಮಾ, ಸೊಳ್ಳೇನಾ?" ಎನ್ನುತ್ತಾನೆ. "ಗುರುವಾರ ಯಾರ್ಡಿಗೆ ಬಾ, ಯಾವ ಸೊಳ್ಳೆ ಅಂತ ತೋರಿಸ್ತೀವಿ!" ಕೂಲಿಗೆ ಮಾರಿಕೊಂಡ ಹೊತ್ತಿನ ಸಂದುಗೊಂದುಗಳಿಂದ ತಮ್ಮ ಪಾಲಿನ ಹೊತ್ತನ್ನು ಇವರು ಹೀಗೆ ಕಿತ್ತುಕೊಳ್ಳುತ್ತಾರೆ. ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಮಂಗಳವಾರ ಸಂಜೆ. ಆನ್ಸಿಲ್ ಟೋಪಿ ಸರಿಪಡಿಸಿಕೊಂಡು, ದಿನಾ ಬರುವವರನ್ನು ಪಕ್ಕಕ್ಕೆ ನಿಲ್ಲಿಸುತ್ತಾನೆ. "ಫೋನ್‌ನವರು ಮಾತ್ರ. ಜೊತೆಗೆ ಕಬ್ಬಿಣ." ಬರಿಗಾಲ ಬಿಸ್ಸೂ ಮೂರು ಏಟು ಕೊಡುತ್ತಾನೆ. ಟೆನರ್‌ಗಳು ಏಳುತ್ತವೆ. ಮೊದಲ ಸುತ್ತಿನಲ್ಲಿ ಒಡೆಸ್ಸಾಳ ಪಕ್ಕದವನ ಕೈ ಹಳೆಯ ಜಾಡಿಗೆ ಜಾರುತ್ತದೆ. ಅವಳು ಪ್ಯಾನಿನಿಂದ ಕಣ್ಣು ತೆಗೆಯದೆ ಕಾಲಿನಿಂದ ಅವನ ಕಾಲು ತುಳಿಯುತ್ತಾಳೆ, ಲಯಕ್ಕೆ ಸರಿಯಾಗಿ. ಅವನ ಕೈ ಲಯಕ್ಕೆ ಮರಳುತ್ತದೆ. ಬೇಸ್ ಸೇರುತ್ತದೆ. ತಗಡಿನ ಚಾವಣಿ ನಡುಗುತ್ತದೆ. ಹಾಡು ತಿರುಗುವ ಜಾಗ ಬರುತ್ತದೆ, ಎಲ್ಲರೂ ಒಟ್ಟಿಗೆ ನಿಲ್ಲಬೇಕಾದ ಜಾಗ, 'ಸದ್ದು ಬಂದಾಗ ಮಾತ್ರ' ಎಂಬ ಸೆಟ್ಟಿಂಗ್ ತಿಂದುಬಿಡುತ್ತಿದ್ದ ಜಾಗ. ನಿಲ್ಲುತ್ತಾರೆ. ಒಂದೇ ಉಸಿರು. ಮತ್ತೆ ಒಂದೇ ಏಟಿಗೆ ಏಳುತ್ತಾರೆ!

ಆನ್ಸಿಲ್ ಕೈ ಎತ್ತಿ ಹಾಡು ನಿಲ್ಲಿಸುವುದಿಲ್ಲ. ಹಾಡಿನ ನಡುವೆಯೇ ನಡೆದುಹೋಗಿ, ಬೀರು ತೆರೆದು, ಗಂಟು ಬಿಚ್ಚಿ, ಕೆಂಪು ಜೆರ್ಸಿಗಳನ್ನು ಒಂದೊಂದಾಗಿ ಅವರ ಹೆಗಲ ಮೇಲೆ ಎಸೆಯುತ್ತಾ ಬರುತ್ತಾನೆ. ಯಾರೂ ನುಡಿಸುವುದನ್ನು ಬಿಡುವುದಿಲ್ಲ. ಒಡೆಸ್ಸಾಳ ಜೆರ್ಸಿ ಅವಳ ತಲೆಯ ಮೇಲೆ ಬಿದ್ದು ಮುಖ ಮುಚ್ಚುತ್ತದೆ. ಹಾಗೆಯೇ, ಕಾಣದೆಯೇ, ಕಬ್ಬಿಣದ ಲಯದ ಮೇಲೆ ನುಡಿಸುತ್ತಾಳೆ.

ಕರ್ಲೀನ್ ಮೂಲೆಯಲ್ಲಿ ಕಂಪ್ಯೂಟರಿಗೆ ಜರಿಯ ಮೇಲಂಗಿ ಹೊದಿಸುತ್ತಿದ್ದಾರೆ. ಗುರುವಾರ ತೀರ್ಪುಗಾರರು ಬಂದಾಗ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇನೆ ಎಂದು ಆನ್ಸಿಲ್ ಕರೆಯುತ್ತಾನೆ. ಅವರು ತಲೆಯಾಡಿಸುತ್ತಾರೆ.

"ಕುರ್ಚಿ ಬೇಡಪ್ಪ. ನಾನು ಗೇಟಿನಾಚೆ ರಸ್ತೇಲಿ ನಿಂತ್ಕೋತೀನಿ, ಈ ಕಡೆ ನೋಡ್ದೆ. ನನ್ನ ಒಳ್ಳೇ ಕಿವಿ ಗೇಟಿನ ಕಡೆ ಇಟ್ಕೋತೀನಿ. ಯಾರು ಯಾರ್ಡಲ್ಲಿ ಕಲಿತ್ರು, ಯಾರು ಬಸ್ಸಲ್ಲಿ ಕಲಿತ್ರು ಅಂತ ನಂಗೇ ಗೊತ್ತಾಗ್ಬಾರ್ದು. ಅಷ್ಟೇ ನನ್ನಾಸೆ."